ಅಮ್ಮನ ಹಾಡು, ಮೂರು ತಂತಿ, ಒಂದು ಗುಂಯ್

ಅಮ್ಮನಿಗೀಗ 76. ಹಸೆಗೆ ಕರೆಯೋ ಹಾಡು, ಆರತಿ ಹಾಡು, ಬೀಗರನ್ನ ಛೇಡಿಸೋ ಹಾಡು... ಅವಳ ಹತ್ರ ಒಂದು ಮೂಟೆಯೇ ಇದೆ. ಬರೆದಿಟ್ಟಿದ್ದು ಒಂದೂ ಇಲ್ಲ. ಈಗೀಗ ಎರಡು ಹಾಡು ಮುಗಿಯೋಷ್ಟರಲ್ಲಿ ಉಸಿರು ಸಾಲಲ್ಲ, "ಇವತ್ತಿಗೆ ಸಾಕು ಮಾರಾಯ" ಅಂತಾಳೆ. ಮತ್ತೊಂದ್ಸಲ ಹಾಡು ಅನ್ನೋಕೆ ನನಗೂ ಬಾಯಿ ಬರಲ್ಲ. ಹಾಗಾಗಿ ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂತ ಹೊರಟವನು ಮೈಕಿಗಿಂತ ಹೆಚ್ಚು ತಲೆಕೆಡಿಸಿಕೊಂಡಿದ್ದು ವೈರಿನ ಬಗ್ಗೆ. ನಗಬೇಡಿ :)

ವಿಷಯ ಏನಪ್ಪಾ ಅಂದ್ರೆ, ಮೈಕಿನಿಂದ ಬರೋದು ಕೆಲವೇ ಮಿಲಿವೋಲ್ಟು. ಪಕ್ಕದ ಗೋಡೆಯೊಳಗೆ ಓಡ್ತಿರೋದು 230 ವೋಲ್ಟು! ಆ ಪುಟ್ಟ ಸದ್ದನ್ನು ಆಡಿಯೋ ಇಂಟರ್‌ಫೇಸು ನೂರಾರು ಪಟ್ಟು ಹಿಗ್ಗಿಸುತ್ತೆ. ದಾರಿಯಲ್ಲಿ ವೈರಿಗೆ ಅಂಟಿಕೊಂಡ ಕೊಳೆಯೂ ಜತೆಗೇ ಹಿಗ್ಗುತ್ತೆ. ನಮ್ಮ ಕರೆಂಟು 50 ಹರ್ಟ್ಸ್, ಅದರ ಗುಂಯ್ ಕೇಳಿಸೋದು 50, 100ರಲ್ಲಿ. ಹಾರ್ಮೋನಿಯಂ ಮನೆಯಲ್ಲಿ ಹುಡುಕಿದ್ರೆ ಅದು ಜಿ ಮತ್ತು ಜಿ ಶಾರ್ಪ್ ನಡುವೆ ಎಲ್ಲೋ ನೇತಾಡ್ತಿರುತ್ತೆ. ಯಾರ ಶೃತಿಗೂ ಸೇರದ ತಂಬೂರಿ! ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೀಬಹುದು ನಿಜ, ಆದ್ರೆ ಹೋಗುವಾಗ ಅದು ದನಿಯ ಒಂದಿಷ್ಟು ಮೈಯನ್ನೂ ಕೆರೆದುಕೊಂಡು ಹೋಗುತ್ತೆ.

ಇದಕ್ಕೆ ಮದ್ದು ಬ್ಯಾಲೆನ್ಸ್ಡ್ ಕೇಬಲ್. ಮೈಕಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್. ಒಳಗೆ ಎರಡು ತಂತಿ, ಸುತ್ತ ಒಂದು ಕವಚ. ಒಂದು ತಂತಿಯಲ್ಲಿ ದನಿ ನೆಟ್ಟಗೆ, ಇನ್ನೊಂದರಲ್ಲಿ ಅದೇ ದನಿ ತಲೆಕೆಳಗು. ಹೊರಗಿನ ಗುಂಯ್ ಮಾತ್ರ ಎರಡರ ಮೇಲೂ ಒಂದೇ ಥರ ಬೀಳುತ್ತೆ. ಆ ತುದಿಯಲ್ಲಿರೋ ಯಂತ್ರ ಎರಡರ ವ್ಯತ್ಯಾಸ ಮಾತ್ರ ತಗೊಳ್ಳುತ್ತೆ. ತಕ್ಕಡಿಯ ಎರಡೂ ತಟ್ಟೆಗೆ ಸಮನಾಗಿ ಧೂಳು ಬಿದ್ರೆ ಮುಳ್ಳು ಅಲ್ಲಾಡುತ್ತಾ ಹೇಳಿ? ಅಷ್ಟೇ ಇದು. ಮೊದಲು ಯೋಚಿಸಿದ ಪುಣ್ಯಾತ್ಮನಿಗೆ ಕೈ ಮುಗೀಬೇಕು.

ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ "ಎಲ್ಲಾ ಒಂದೇ ಸಾರ್" ಅಂತ ಒಂದು ವೈರು ಚಾಚಿದ್ರು. ಒಂದು ತುದಿ ಎಕ್ಸ್‌ಎಲ್‌ಆರ್, ಇನ್ನೊಂದು ತುದಿ 6.35 ಮಿ.ಮೀ. ಜಾಕು. ಜಾಕಿನ ಮೇಲೆ ಒಂದೇ ಕಪ್ಪು ಉಂಗುರ. ಒಂದೇ ಉಂಗುರ ಅಂದ್ರೆ ಟಿಎಸ್, ಬ್ಯಾಲೆನ್ಸು ಅಲ್ಲಿಗೇ ಖತಂ. ಎರಡಿದ್ರೆ ಟಿಆರ್‌ಎಸ್. ಬೇಡ ಅಂದು, ಎರಡೂ ತುದಿ ಎಕ್ಸ್‌ಎಲ್‌ಆರ್ ಇರೋ 5 ಮೀಟರಿನದ್ದು ತಗೊಂಡೆ. ಅಮ್ಮ ಕೂರೋದು ದೇವರಮನೆ ಬಾಗಿಲಲ್ಲಿ, ಫ್ಯಾನಿನ ಸದ್ದಿರೋ ಲ್ಯಾಪ್‌ಟಾಪು ಆಚೆ ಕೋಣೆಯಲ್ಲಿ, ಅದಕ್ಕೆ ಅಷ್ಟುದ್ದ. ಚಿನ್ನದ ಲೇಪದ್ದು ಬೇಕಾ ಅಂದ್ರು. ಚಿನ್ನ ತುಕ್ಕು ಹಿಡಿಯಲ್ಲ ಅನ್ನೋದು ಸರಿ, ಹಾಡು ಇಂಪಾಗುತ್ತೆ ಅನ್ನೋದು ಬರೀ ಕತೆ. ದುಡ್ಡನ್ನು ಕನೆಕ್ಟರಿನ ಗಟ್ಟಿತನಕ್ಕೆ, ಒಳಗಿನ ಬೆಸುಗೆಗೆ ಕೊಡಿ. ಸಾಮಾನ್ಯವಾಗಿ ವೈರು ಸಾಯೋದೇ ಅಲ್ಲಿ.

ತಮ್ಮನ ಕೀಬೋರ್ಡಿಗೆ ಮಾತ್ರ ಮೂರು ಮೀಟರಿನ ಸಾದಾ ಟಿಎಸ್ ಸಾಕು. ಅದರ ಸದ್ದೇ ಜೋರು, ಹೊರಡೋದೂ ಬ್ಯಾಲೆನ್ಸಿಲ್ಲದೆ. ಆದರೆ ಅದೇ ಜಾಕು ಇರೋ ಸ್ಪೀಕರ್ ವೈರು ಬೇಡ, ಅದಕ್ಕೆ ಕವಚವೇ ಇರಲ್ಲ.

ಇಷ್ಟಾದ್ರೂ ಗುಂಯ್ ಅಂದ್ರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತ್ರೆ ವೈರಿನ ತಪ್ಪಲ್ಲ, ಕರೆಂಟಿನದ್ದು. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ, ಇಲ್ಲಾ ಬ್ಯಾಟರಿಯಲ್ಲೇ ಮುಗಿಸಿ. ಅರ್ಥಿಂಗ್ ಪಿನ್ನು ಮುರಿಯೋ ಐಡಿಯಾ ಯಾರಾದ್ರೂ ಕೊಟ್ರೆ ದಯವಿಟ್ಟು ಕೇಳಬೇಡಿ, ಅದಿರೋದು ಜೀವ ಉಳಿಸೋಕೆ.

ಇಲ್ಲೀವರೆಗೆ ಹನ್ನೊಂದು ಹಾಡಾಗಿದೆ. ಹಿಂದೆ ಕೇಳಿಸ್ತಿರೋದು ಅವಳ ಬಳೆ, ಹೊರಗೊಂದು ಕಾಗೆ. ಅವೆರಡನ್ನೂ ತೆಗೆಯೋ ಯೋಚನೆ ನನಗಿಲ್ಲ.