ತಡವಾಗಿ ತಿರುಗಿದವರು

ಪಶ್ಚಾತ್ ಎಂದರೆ ಆಮೇಲೆ, ತಾಪವೆಂದರೆ ಬೇಗೆ. ಪಶ್ಚಾತ್ತಾಪಕ್ಕೆ ಈ ಅರ್ಥವನ್ನು ನಾವು ಬಹುಕಾಲ ಮಕ್ಕಳಿಗೆ ಬಿಡಿಸಿ ಹೇಳಿದೆವು. ಕ್ರೈಸ್ತರ ಸತ್ಯವೇದವು ಪಾಪಿಯಿಂದ ಬೇಡುವುದು ಬೇಗೆಯೊಂದನ್ನೇ ಅಲ್ಲ. ಕನ್ನಡಕ್ಕೆ ತಂದವರು ಅದನ್ನು ದೇವರ ಕಡೆಗೆ 'ತಿರುಗಿಕೊಳ್ಳುವುದು' ಎಂದಿರುವುದು ನಮಗೆ ಬಹಳ ಒಪ್ಪಿಗೆಯಾಗಿದೆ.

ಆದರೆ ತಿರುಗುವುದು ಎಷ್ಟು ನಿಧಾನ! 'ಅಮೇಜಿಂಗ್ ಗ್ರೇಸ್' ಎಂಬ ಕೀರ್ತನೆಯ ಕರ್ತೃವಾದ ಜಾನ್ ನ್ಯೂಟನನು 1748ರಲ್ಲಿ ಕಡಲ ಬಿರುಗಾಳಿಗೆ ಸಿಕ್ಕಿ ದೇವರಿಗೆ ಮೊರೆಯಿಟ್ಟನು. ಆ ಬಳಿಕವೂ ಆಫ್ರಿಕದವರನ್ನು ಗುಲಾಮರಾಗಿ ಸಾಗಿಸುವ ಹಡಗುಗಳಿಗೆ ನಾಯಕನಾದನು. 1754ರಲ್ಲಿ ಆ ಕಸುಬನ್ನು ಬಿಟ್ಟುದೂ ದೇಹಸ್ಥಿತಿ ಕೆಟ್ಟುದರಿಂದಲೇ. ಅನಂತರ ಪಾದ್ರಿಯಾದನು, ಕೀರ್ತನೆಗಳನ್ನು ರಚಿಸಿದನು. ಆ ವ್ಯಾಪಾರವು ಘೋರವೆಂದೂ ತಾನು ಅದರಲ್ಲಿ ಕೈಯಿಟ್ಟವನೆಂದೂ ಅಚ್ಚುಹಾಕಿಸಿ ಹೇಳಿದುದು 1788ರಲ್ಲಿ. ತಡವಾಯಿತೆಂದು ತಾನೇ ಒಪ್ಪಿಕೊಂಡನು. ಅವನಿಗೆ ಕ್ಷಮೆ ದೊರೆತಿರಬಹುದು. ಅವನು ಸಾಗಿಸಿದವರಿಗೆ ಕಳೆದ ಬಾಳು ಮರಳಿ ದೊರೆಯಲಿಲ್ಲ.

ಅವನನ್ನು ಜರೆಯಲು ನಮಗೆ ಬಾಯಿಲ್ಲ. ಮೂವತ್ತು ವರ್ಷಗಳ ಹಿಂದೆ ತುಂಬಿದ ತರಗತಿಯಲ್ಲಿ ಒಬ್ಬ ಬಾಲಕನನ್ನು ಪೆನ್ನು ಕದ್ದವನೆಂದು ಎದ್ದು ನಿಲ್ಲಿಸಿದೆವು. ಸಂಜೆ ಆ ಪೆನ್ನು ನಮ್ಮ ಅಮರಕೋಶದ ಹಾಳೆಗಳ ನಡುವೆಯೇ ದೊರೆಯಿತು. ಆ ರಾತ್ರಿ ದೇವರ ಮುಂದೆ ಅತ್ತೆವು. ಮರುದಿನ ಪಾಠವನ್ನು ಮುಂದುವರಿಸಿದೆವು. ಉಪಾಧ್ಯಾಯರ ಗೌರವವೆಂಬುದೊಂದಿತ್ತಲ್ಲ! ಹುಡುಗನು ಆಮೇಲೆ ಸಂಸ್ಕೃತವನ್ನೇ ಬಿಟ್ಟನು.

ಹೋದ ತಿಂಗಳು ಅವನ ವಿಳಾಸವನ್ನು ಹುಡುಕಿಸಿ ಕಾಗದ ಬರೆದೆವು. ಉತ್ತರ ಇನ್ನೂ ಬಂದಿಲ್ಲ. ಆ ತರಗತಿಯ ಉಳಿದವರಿಗೂ ಬರೆಯಬೇಕೆಂದು ಈಗ ತೋರುತ್ತಿದೆ. ಅವರೆದುರಿಗಲ್ಲವೆ ನಾವು ಆ ಮಾತನ್ನಾಡಿದುದು.