ಮೂರನೆಯ ಬಾವಿ

ತಾವು ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಹೋಗಿ ಬಂದವರಾದರೆ ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಕಡೆಯ ಸೈನೈಡ್ ದಿಬ್ಬಗಳನ್ನೂ ಗಣಿಬಾಯಿಗಳ ಮೇಲೆ ತುಕ್ಕು ಹಿಡಿಯುತ್ತಾ ನಿಂತಿರುವ ಉಕ್ಕಿನ ಗೋಪುರಗಳನ್ನೂ ನೋಡಿಯೇ ಇರುತ್ತೀರಿ. ಆದರೆ ಅಲ್ಲಿಂದ ಬೇತಮಂಗಲದ ರಸ್ತೆ ಹಿಡಿದು, ಪಾಲಾರ್ ನದಿಯ ಕೆರೆಯನ್ನು ಬಳಸಿಕೊಂಡು ಹೋದರೆ ಸಿಗುವ ಹಳ್ಳಿಗಳನ್ನು ಬಹುಶಃ ನೋಡಿರಲಾರಿರಿ. ಅಂಥದೊಂದು ಹಳ್ಳಿಯ ವಿಷಯವನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ. ಹಳ್ಳಿಯ ಹೆಸರನ್ನು ಬರೆಯುವುದಿಲ್ಲ. ನಲವತ್ತು ಮನೆಗಳ ಊರಿನಲ್ಲಿ ಯಾರ ಮನೆಯ ಕಥೆಯೆಂದು ಗುರುತು ಹಿಡಿಯುವುದು ಯಾರಿಗೂ ಕಷ್ಟವಲ್ಲ.

ಬೇತಮಂಗಲದ ಕೆರೆ ಬಹಳ ಹಳೆಯದು. ಶಾಸನಗಳಲ್ಲಿ ಆ ಊರಿಗೆ ವಿಜಯಾದಿತ್ಯಮಂಗಲ ಎಂಬ ಹೆಸರಿದೆ. ಪಾಲಾರಿಗೆ ಅಡ್ಡಲಾಗಿ ಏರಿ ಕಟ್ಟಿದ ಈ ಕೆರೆಯನ್ನು ಹತ್ತನೆಯ ಶತಮಾನದಲ್ಲಿಯೇ ನೊಳಂಬರು ದುರಸ್ತಿ ಮಾಡಿಸಿದರೆಂದರೆ ಅದು ಅದಕ್ಕೂ ಎಷ್ಟು ಹಿಂದಿನದೆಂದು ತಾವೇ ಊಹಿಸಿಕೊಳ್ಳಿ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿಗೆ ಬಂದರು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂದಿತು. ಆ ಕಾಲದ ಸುಮಾರಿಗೇ ಬೇತಮಂಗಲದ ಕೆರೆಯ ನೀರು ಕೊಳವೆಗಳಲ್ಲಿ ಗಣಿಯ ಊರುಗಳಿಗೆ ಹರಿಯತೊಡಗಿತು. ವಿದ್ಯುತ್ತಿನ ಕಥೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ, ನೀರಿನ ಕಥೆಯನ್ನು ಹೇಳುವವರು ಕಡಿಮೆ. ಗಣಿಯ ಲೈನು ಮನೆಗಳಲ್ಲಿ ತಲೆಮಾರುಗಳ ಕಾಲ ಅನ್ನ ಬೆಂದದ್ದು ರೈತರ ಕೆರೆಯ ನೀರಿನಿಂದಲೇ.

ನಾನು ಹೇಳುತ್ತಿರುವ ಹಳ್ಳಿಯಲ್ಲಿ ಎಂಟು ಕ್ರೈಸ್ತ ಕುಟುಂಬಗಳಿದ್ದವು. ತಿಂಗಳಿಗೊಮ್ಮೆ ಅಲ್ಲಿನ ಪುಟ್ಟ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸಲು ಹೋಗುತ್ತಿದ್ದೆ. ಆ ಜನರು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿಯ ಮಾರುಕಟ್ಟೆಯಲ್ಲಿ ತಮಿಳು ಮಾತನಾಡುತ್ತಾರೆ. ದೇವರೊಡನೆ ಮಾತ್ರ ಕನ್ನಡ. ಅದೂ ತೆಲುಗಿನ ರಾಗದಲ್ಲಿ. ಮೊದಮೊದಲು ಅವರ ಕೀರ್ತನೆಗಳನ್ನು ತಿದ್ದಲು ಹೊರಟಿದ್ದೆ. ಗುರುಮಠದಲ್ಲಿ ಕಲಿತು ಬಂದವನ ಹಮ್ಮು ಅದು, ಆರು ತಿಂಗಳಲ್ಲಿ ಬಿಟ್ಟುಹೋಯಿತು.

ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿ ಬೆಳೆಯುತ್ತಾರೆ. ರಾಗಿಯ ನಡುವೆ ಅಲ್ಲಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ಹುಚ್ಚೆಳ್ಳು, ಜೋಳ ಬಿತ್ತುತ್ತಾರೆ; ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಡಿಸೆಂಬರ್ ತಿಂಗಳ ಇಬ್ಬನಿಗೆ ಅವರೆಯ ಸೊಗಡು ಏರಿದಾಗ ಪ್ರಾರ್ಥನಾಲಯದ ಒಳಗೂ ಅದೇ ಪರಿಮಳ. ಕೆರೆಯಲ್ಲಿ ನೀರಿದ್ದ ಕಾಲದಲ್ಲಿ ಅಚ್ಚುಕಟ್ಟಿನಲ್ಲಿ ಭತ್ತವನ್ನೂ ಬೆಳೆಯುತ್ತಿದ್ದರಂತೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನೀರಗಂಟಿ ನಿರ್ಧರಿಸುತ್ತಿದ್ದನಂತೆ. ಈ ಊರಿನವರು ಗಣಿಯೊಳಗೆ ಇಳಿದದ್ದು ಕಡಿಮೆ. ಹಾಲು, ಸೊಪ್ಪು, ಕಡಲೆಕಾಯಿಗಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಗಣಿಯವರ ಮನೆಬಾಗಿಲಿಗೆ ಒಯ್ಯುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡದ್ದು ಪತ್ರಿಕೆಗಳಲ್ಲಿ ಬಂತು. ಹಾಲು ಮಾರುವವನ ಗಿರಾಕಿಗಳು ಕರಗಿಹೋದದ್ದು ಎಲ್ಲಿಯೂ ಬರಲಿಲ್ಲ.

ಆಮೇಲೆ ಅವರ ಆಸೆಯೆಲ್ಲ ಟೊಮೆಟೊ ಕಡೆಗೆ ತಿರುಗಿತು. ಕೋಲಾರದ ಟೊಮೆಟೊ ಮಾರುಕಟ್ಟೆಯ ಹೆಸರನ್ನು ತಾವು ಕೇಳಿದ್ದೀರಿ. ಒಂದು ವರ್ಷ ಅದು ಸಾಲವನ್ನೆಲ್ಲ ತೀರಿಸುತ್ತದೆ, ಮರುವರ್ಷ ಹಣ್ಣನ್ನು ರಸ್ತೆಗೆ ಸುರಿಸುತ್ತದೆ. ಆದರೆ ಟೊಮೆಟೊಗೆ ನೀರು ಬೇಕು, ನೀರಿಗೆ ಕೊಳವೆಬಾವಿ ಬೇಕು. ಹೀಗೆ ಹಳ್ಳಿ ಭೂಮಿಯನ್ನು ಕೊರೆಯತೊಡಗಿತು.

ಈಗ ನನ್ನ ಪಾಲಿನ ಕಥೆಗೆ ಬರುತ್ತೇನೆ. 2014ರ ಸಂಕ್ರಾಂತಿಯ ಹೊತ್ತಿನಲ್ಲಿ ಅಲ್ಲಿ ಸುಗ್ಗಿಯ ಬಲಿಪೂಜೆ. ರೈತರಿಗೆ ಹಿಡಿಸಲೆಂದು ಆದಿಕಾಂಡದ ಇಪ್ಪತ್ತಾರನೆಯ ಅಧ್ಯಾಯವನ್ನು ಆರಿಸಿಕೊಂಡಿದ್ದೆ. ಇಸಾಕನ ಆಳುಗಳು ಬಾವಿ ತೋಡುತ್ತಾರೆ, ಗೆರಾರಿನ ಕುರುಬರು ಜಗಳಕ್ಕೆ ಬರುತ್ತಾರೆ. ಎರಡನೆಯದನ್ನು ತೋಡುತ್ತಾರೆ, ಮತ್ತೆ ಜಗಳ. ಮೂರನೆಯದಕ್ಕೆ ಯಾರೂ ಅಡ್ಡಬರುವುದಿಲ್ಲ. ಅದಕ್ಕೆ ರೆಹೋಬೋತ್ ಎಂದು ಹೆಸರಿಡುತ್ತಾನೆ. ಎರಡು ಸಲ ಸೋತವನು ಎದೆಗುಂದಬಾರದು, ದೇವರು ಮೂರನೆಯದನ್ನು ಇಟ್ಟಿರುತ್ತಾನೆ ಎಂದು ಪ್ರಬೋಧನೆ ಮಾಡಿದೆ. ಚೆನ್ನಾಗಿ ಮಾತನಾಡಿದೆನೆಂಬ ತೃಪ್ತಿಯೂ ಇತ್ತೆಂಬುದನ್ನು ಮುಚ್ಚಿಡಲಾರೆ.

ಪೂಜೆಯ ನಂತರ ಹಿರಿಯ ರೈತರೊಬ್ಬರು ಹತ್ತಿರ ಬಂದರು. ಎರಡೂವರೆ ಎಕರೆಯ ಒಡೆಯರು. ಅವರ ಎರಡು ಕೊಳವೆಬಾವಿಗಳು ಬತ್ತಿಹೋಗಿದ್ದವು.

“ಸ್ತೋತ್ರ ಸ್ವಾಮಿ. ಮೂರನೇದು ಅಂತ ನೀವೇ ಹೇಳಿದ್ರಲ್ಲ. ಆ ದಿನ ತಾವೇ ಬಂದು ಮಂತ್ರಿಸಿ ಕೊಡಬೇಕು.”

ಆಗಲೇ ತಡೆಯಬೇಕಿತ್ತು. “ಯಜಮಾನರೇ, ನಾನು ಹೇಳಿದ್ದು ಆ ಅರ್ಥದಲ್ಲಲ್ಲ” ಎನ್ನಬೇಕಿತ್ತು. ಅಷ್ಟು ಜನರ ಎದುರು ನನ್ನ ಮಾತನ್ನು ನಾನೇ ಹಿಂತೆಗೆದುಕೊಳ್ಳಲು ಸಂಕೋಚವಾಯಿತು. ಆಗಲಿ ಎಂದೆ.

ಸೀಮೆಹಸುವೊಂದನ್ನು ಮಾರಿದರು, ಉಳಿದದ್ದಕ್ಕೆ ಕೈಸಾಲ ಮಾಡಿದರು. ನೀರು ನೋಡುವವನು ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿ, ಕಾಯಿ ಎದ್ದುನಿಂತ ಕಡೆ ಕಲ್ಲು ಇಟ್ಟನು. ತಮಿಳುನಾಡಿನ ಕಡೆಯಿಂದ ಲಾರಿ ಬಂತು. ನಾನು ತೀರ್ಥ ಪ್ರೋಕ್ಷಿಸಿ ಜಪ ಹೇಳಿದೆ. ರಾತ್ರಿಯೆಲ್ಲ ಕೊರೆದರು. ಆರುನೂರು ಅಡಿ, ಒಂಬೈನೂರು, ಸಾವಿರದ ಇನ್ನೂರು. ಬಂದದ್ದು ಬಿಳಿಯ ಕಲ್ಲುಪುಡಿ ಮಾತ್ರ. ಬೆಳಗಿನ ಜಾವ ಯಂತ್ರ ನಿಂತಾಗ ಅವರ ಮಡದಿಯ ಮುಡಿಯ ತುಂಬ ಆ ಧೂಳಿತ್ತು. ಯಾರೂ ನನ್ನ ಮುಖ ನೋಡಲಿಲ್ಲ, ಯಾರೂ ನನ್ನನ್ನು ದೂರಲೂ ಇಲ್ಲ. ಆಕೆ ಒಳಗೆ ಹೋಗಿ ಕಾಫಿ ಮಾಡಿ ತಂದರು.

ಎಕರೆಯೊಂದು ಕೈಬಿಟ್ಟಿತು. ಮಗ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡಿನ ಕಾರ್ಖಾನೆಗೆ ಹೋಗತೊಡಗಿದನು. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಆ ರೈಲುಗಳಲ್ಲಿ ಗಣಿ ಕಾರ್ಮಿಕರ ಮಕ್ಕಳೂ ರೈತರ ಮಕ್ಕಳೂ ಒಂದೇ ಕಂಬಿಗೆ ಕೈಕೊಟ್ಟು ನಿಂತಿರುತ್ತಾರೆ.

ಆ ಅಧ್ಯಾಯವನ್ನು ಆಮೇಲೆ ನಾನು ಎಷ್ಟೋ ಸಲ ಓದಿದ್ದೇನೆ. ಮೊದಲೇ ಕಾಣಬೇಕಿದ್ದ ಒಂದು ಸಂಗತಿ ತಡವಾಗಿ ಕಂಡಿತು: ಇಸಾಕನ ಮೂರು ಬಾವಿಗಳಲ್ಲಿಯೂ ನೀರಿತ್ತು. ಅವನ ಕಷ್ಟ ಬರವಲ್ಲ, ನೆರೆಯವರ ಜಗಳ. ಅಷ್ಟೇ ಅಲ್ಲ, ಅದಕ್ಕೂ ಮೊದಲು ಅವನು ಮಾಡಿದ್ದು ತನ್ನ ತಂದೆ ಅಬ್ರಹಾಮನ ಕಾಲದ ಬಾವಿಗಳ ಮಣ್ಣು ತೆಗೆಸುವ ಕೆಲಸ. ಆ ವಚನವನ್ನು ನಾನು ಪ್ರಬೋಧನೆಯಲ್ಲಿ ಹಾರಿಸಿಬಿಟ್ಟಿದ್ದೆ, ಸಮಯ ಸಾಲದೆಂದು.

ರೈತರೊಡನೆ ಇದನ್ನು ಒಮ್ಮೆ ಹೇಳಿದೆ. ಕೇಳಿ ಸುಮ್ಮನಿದ್ದರು. ಸ್ವಲ್ಪ ಹೊತ್ತಾದ ಮೇಲೆ, “ಗಣಿ ಮೂರು ಕಿಲೋಮೀಟರ್ ಆಳ ಅಂತಾರೆ ಸ್ವಾಮಿ. ಈಗ ಪಂಪು ನಿಲ್ಲಿಸಿದ ಮೇಲೆ ಅದರ ತುಂಬ ನೀರಂತೆ. ನಮ್ಮ ಹೊಲದಲ್ಲಿ ಮಾತ್ರ ಧೂಳು” ಎಂದರು. ಅವರು ನನ್ನನ್ನು ಕ್ಷಮಿಸಿದರೋ, ಕ್ಷಮಿಸಬೇಕಾದದ್ದು ಏನಾದರೂ ಇದೆಯೆಂದೇ ಅವರಿಗೆ ತೋರಲಿಲ್ಲವೋ, ನಾನು ಕೇಳಲಿಲ್ಲ.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲು ಆರಂಭಿಸಿದರು. ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಜಿಲ್ಲೆಯ ಹೋರಾಟಗಾರರು ಒತ್ತಾಯಿಸುತ್ತಾ ಬಂದಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಊರು ಬಳಸಿ ಬಿಟ್ಟದ್ದನ್ನು ಹಳ್ಳಿ ಕಣ್ಣುಮುಚ್ಚಿ ಸ್ವೀಕರಿಸಬೇಕೆಂದೇನಿಲ್ಲ. ನಮ್ಮ ರೈತರು ಮಾತ್ರ ನಕ್ಕರು. “ನನ್ನ ಮಗ ಅಲ್ಲಿ ಕೈ ತೊಳೆದ ನೀರು ಇಲ್ಲಿಗೆ ಬರ್ತದಂತೆ ಸ್ವಾಮಿ.”

2021ರ ನವೆಂಬರ್ ಮಳೆಗೆ ಪಾಲಾರ್ ತುಂಬಿ ಹರಿಯಿತು. ಆ ವೇಳೆಗೆ ನನಗೆ ಬೇರೆ ಧರ್ಮಕೇಂದ್ರಕ್ಕೆ ವರ್ಗವಾಗಿತ್ತು. ಅವರು ಫೋನು ಮಾಡಿ ಬಂದು ಹೋಗಿ ಎಂದರು. ಹೋದೆ. ಮನೆಯ ಹಿಂದೆ ಅವರ ತಂದೆ ತೋಡಿಸಿದ ಹಳೆಯ ತೋಡುಬಾವಿಯೊಂದಿತ್ತು. ಕಸಕಡ್ಡಿ ತುಂಬಿ, ದನ ಬೀಳದಿರಲೆಂದು ಮುಳ್ಳು ಮುಚ್ಚಿದ್ದ ಬಾವಿ. ಅಪ್ಪ ಮಗ ಸೇರಿ ಎರಡು ಬೇಸಗೆಗಳ ಭಾನುವಾರಗಳಂದು ಅದರ ಹೂಳೆತ್ತಿದ್ದರು. ಇಣುಕಿ ನೋಡಿದರೆ ಕೆಳಗೆ ನೀರು, ನೀರಿನಲ್ಲಿ ನಮ್ಮಿಬ್ಬರ ತಲೆಗಳು.

“ತೀರ್ಥ ತಂದಿಲ್ವಾ ಸ್ವಾಮಿ?”

“ಮರೆತುಬಿಟ್ಟೆ, ಯಜಮಾನರೇ” ಎಂದೆ. ಮರೆತಿರಲಿಲ್ಲ.

ಅವರು ಒಮ್ಮೆ ನನ್ನತ್ತ ನೋಡಿ ನಕ್ಕರು. ಆಮೇಲೆ ಕಲ್ಲು ಕಟ್ಟಿದ ಹಗ್ಗವನ್ನು ಬಾವಿಗೆ ಇಳಿಬಿಟ್ಟು ಮೇಲೆಳೆದು, ನೆನೆದ ಭಾಗವನ್ನು ಮೊಳ ಹಾಕಿ ಅಳೆದರು.

“ಒಂದೂವರೆ ಆಳು ಇದೆ. ಮೇ ತಿಂಗಳಿಗೆ ಎಷ್ಟು ಉಳೀತದೋ ನೋಡಬೇಕು. ಬನ್ನಿ, ಒಳಗೆ ಮುದ್ದೆ ಆರಿಹೋಗ್ತದೆ.”