ಒಂದು ಗೇಣು ತಂತಿ

ಬಹಳ ದಿನ ಆಯ್ತು ಬರೆದು. ದೀಪಾವಳಿಗೆ ಊರಿಗೆ ಹೋದವನು ಒಂಬತ್ತು ದಿನ ಬೈಲಹೊಂಗಲದ ಕಾಕಾನ ಗ್ಯಾರೇಜಿನಲ್ಲೇ ಕಳೆದೆ. ಉಗುರು ಸಂದಿಯ ಗ್ರೀಸ್ ಇನ್ನೂ ಪೂರ್ತಿ ಹೋಗಿಲ್ಲ, ಆಫೀಸಿನಲ್ಲಿ ಕೀಬೋರ್ಡ್ ಮೇಲೆ ಕೈ ಇಡೋಕೇ ನಾಚಿಕೆ :-)

ಕೆಲಸ ಅಜ್ಜನ ಜೀಪಿನದು. ಮಹೀಂದ್ರಾದ ಹಳೇ ಸಿಜೆ-3ಬಿ, 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್. ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಗ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ ಇರೋ ವಿಚಿತ್ರ ಜೋಡಣೆ. ರಾಮದುರ್ಗದ ಅತ್ತೆ ಮನೆ ಹಿಂದೆ ಹುಣಸೆ ಮರದ ಕೆಳಗೆ 2006ರಿಂದ ನಿಂತೇ ಇತ್ತು.

ಯಾಕೆ ನಿಂತಿತು ಅಂದರೆ, ಆ ವರ್ಷದ ಭಾರತ ಹುಣ್ಣಿಮೆಗೆ ನಾವೆಲ್ಲ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ವಿ. ನಾನು ಮೂರನೇ ಇಯತ್ತೆ. ಜೀಪಿನಲ್ಲಿ ಒಂಬತ್ತು ಜನ. ಇಳಿಜಾರಿನಲ್ಲಿ ಅಜ್ಜ ಲೋ ಗೇರ್ ಹಾಕಿದ್ದ. ಕೆಳಗೆಲ್ಲೋ ‘ಕಟ್’ ಅಂತು, ಎಂಜಿನ್ನಿನ ಹಿಡಿತ ಬಿಟ್ಟುಹೋಗಿ ಗಾಡಿ ತಾನೇ ಉರುಳೋಕೆ ಶುರುವಾಯ್ತು. ಅಜ್ಜ ಬ್ರೇಕ್ ತುಳಿದು, ಸಾಲದೇ ಗುಡ್ಡದ ಬದಿಗೆ ಎಳೆದು ನಿಲ್ಲಿಸಿದ. ಅವ್ವನ ಬಲಗೈ ಮುರೀತು, ಉಳಿದವರಿಗೆ ತರಚುಗಾಯ. ಅಜ್ಜನಿಗೆ ಏನೂ ಆಗಲಿಲ್ಲ, ಅಂದರೆ ಮೈಗೆ. “ವಯಸ್ಸಾತು, ಗೇರ್ ಪೂರಾ ಬಿದ್ದಿಲ್ಲ ಅನ್ನೂದು ತಿಳೀಲಿಲ್ಲ” ಅಂತ ಎಲ್ಲರೂ ಅಂದರು. ಅಪ್ಪನೂ ಅಂದ. ಅಜ್ಜ ಕೀಲಿಕೈಯನ್ನ ದೇವರ ಜಗಲಿ ಮೇಲೆ ಇಟ್ಟುಬಿಟ್ಟ. 2015ರಲ್ಲಿ ತೀರಿಕೊಳ್ಳೋವರೆಗೂ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಎಂಜಿನ್ ಕತೆ ಬೇಗ ಮುಗೀತು. ಬೋರಿಂಗ್ ಬೆಳಗಾವಿಯಲ್ಲಿ ಮಾಡಿಸಿದ್ವಿ. ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಹೊಸವು. ಇಷ್ಟು ಬಿಚ್ಚಿದ ಮೇಲೆ ಟ್ರಾನ್ಸ್‌ಫರ್ ಕೇಸೂ ನೋಡೇಬಿಡೋಣ ಅಂತ ಕಾಕಾ ಅದನ್ನೂ ತೆರೆದ. ಗೇರ್‌ಬಾಕ್ಸಿನ ಹಿಂದಿರೋ ಈ ಪೆಟ್ಟಿಗೆಯೇ ಫೋರ್ ವೀಲ್ ಡ್ರೈವ್, ಹೈ, ಲೋ ಎಲ್ಲವನ್ನೂ ನಡೆಸೋದು. ಒಳಗೆ ಎರಡು ಶಾಫ್ಟು, ಅವುಗಳ ಮೇಲೆ ಎರಡು ಫೋರ್ಕು. ಒಂದೊಂದು ಫೋರ್ಕನ್ನ ಶಾಫ್ಟಿಗೆ ಹಿಡಿದಿಡೋದು ಒಂದೇ ಒಂದು ಸ್ಕ್ರೂ. ಅದರ ತಲೆಯಲ್ಲಿ ಸಣ್ಣ ತೂತು.

“ತಮ್ಮಾ, ಬ್ಯಾಟರಿ ಹಿಡಿ ಇಲ್ಲಿ” ಅಂದ ಕಾಕಾ.

ಲೋ ಕಡೆಯ ಫೋರ್ಕಿನ ಸ್ಕ್ರೂ ಮೂರು ಸುತ್ತು ಮೇಲೆದ್ದು ನಿಂತಿತ್ತು. ಫೋರ್ಕು ಶಾಫ್ಟಿನ ಮೇಲೆ ಹಿಂದೆ ಮುಂದೆ ಜಾರ್ತಿತ್ತು. ತಲೆಯಲ್ಲಿ ತೂತಿತ್ತು, ತಂತಿ ಇರಲಿಲ್ಲ. ಇನ್ನೊಂದು ಫೋರ್ಕಿಗಿತ್ತು.

ಸೇಫ್ಟಿ ವೈರ್ ಅಂದರೆ ಬೋಲ್ಟನ್ನ ಬಿಗಿ ಮಾಡೋ ತಂತಿ ಅಂತ ನಾನು ಅಂದುಕೊಂಡಿದ್ದೆ. ಮೆಕ್ಯಾನಿಕಲ್‌ನಲ್ಲಿ ಬಿ.ಇ. ಮಾಡಿ ಸಾಫ್ಟ್‌ವೇರಿಗೆ ಬಂದವನ ಜ್ಞಾನ ಇಷ್ಟು! ಬಿಗಿ ಮಾಡೋದು ಪಾನಾ. ಬಿಗಿ ಹೋದ ಮೇಲೆ ಸ್ಕ್ರೂ ತಿರುಗಿ ಹೊರಗೆ ಬರದ ಹಾಗೆ ತಡೆಯೋದಷ್ಟೇ ತಂತಿಯ ಕೆಲಸ. 1927ರ ಕೊನೆಗೆ ಬಂದ ಫೋರ್ಡ್ ಮಾಡೆಲ್ ಎ ಕಾರಿನ ಫ್ಲೈವೀಲ್ ಬೋಲ್ಟುಗಳಿಗೂ ಹೀಗೇ ತಂತಿ. ನಮ್ಮ ಅಂಬಾಸಿಡರ್ ಎಂಜಿನ್ನಿನಲ್ಲಿ ಅದೇ ಕೆಲಸಕ್ಕೆ ಬೋಲ್ಟಿನ ತಲೆಗೆ ಬಗ್ಗಿಸೋ ತಗಡಿನ ವಾಷರ್ ಇತ್ತು. ವಿಮಾನಗಳಲ್ಲಿ ಇವತ್ತಿಗೂ ತಂತಿಯೇ.

ಬೈಂಡಿಂಗ್ ವೈರ್ ಸಾಕಲ್ಲ ಅಂದೆ. ಕಾಕಾ ನನ್ನ ಮುಖ ನೋಡಿದ, ಮಾತಾಡಲಿಲ್ಲ. 0.8 ಮಿ.ಮೀ. ಸ್ಟೇನ್‌ಲೆಸ್ ತಂತಿ ಬೆಳಗಾವಿಯಿಂದ ಬಂತು. ಮೊದಲ ಫೋರ್ಕು ನಾನೇ ಕಟ್ಟಿದೆ. ತೂತಿನಲ್ಲಿ ಪೋಣಿಸಿ, ಎರಡೂ ಎಳೆ ಹುರಿ ಮಾಡಿ, ಫೋರ್ಕಿಗೆ ಸುತ್ತಿ, ತುದಿ ಒಳಕ್ಕೆ ಮಡಚಿ.. ಫೋಟೋ ತೆಗೆಯೋ ಹಾಗಿತ್ತು. ಕಾಕಾ ನೋಡಿದವನೇ ಕಟಕ್ ಅಂತ ಕತ್ತರಿಸಿದ.

“ನಿನ್ನ ತಂತಿ ಯಾವ ಕಡೆ ಜಗ್ಗತದ? ಇದು ಬಿಚ್ಚಾಕ ಸಹಾಯ ಮಾಡತದಲೋ!”

ಹೌದಲ್ಲ. ತಂತಿ ಸ್ಕ್ರೂವನ್ನ ಯಾವಾಗಲೂ ಬಿಗಿಯಾಗೋ ದಿಕ್ಕಿಗೇ ಎಳೀತಿರಬೇಕು. ನಾನು ಎಡಕ್ಕೆ ಎಳೆದಿದ್ದೆ. ಬಿಚ್ಚಿದ ತಂತಿಯನ್ನ ಮತ್ತೆ ಬಳಸೋ ಹಾಗಿಲ್ಲ, ಹೊಸ ತುಂಡೇ ಬೇಕು. ತೂತು ಸರಿಯಾದ ಕಡೆ ಬರಲಿಲ್ಲ ಅಂತ ಸ್ವಲ್ಪ ಸಡಿಲ ಮಾಡೋದಂತೂ ಮಹಾಪಾಪ. ಬೇರೆ ಸ್ಕ್ರೂ ಹಾಕಿ ನೋಡಬೇಕು. ಅಮೆರಿಕದ ಎಫ್.ಎ.ಎ. ವಿಮಾನ ಮೆಕ್ಯಾನಿಕರಿಗಾಗಿ 1998ರಲ್ಲಿ ಹೊರಡಿಸಿದ ಕೈಪಿಡಿಯಲ್ಲೂ ಇದೇ ನಿಯಮಗಳಿವೆ, ಇಂಚಿಗೆ ಆರರಿಂದ ಎಂಟು ಸುತ್ತು ಇರಬೇಕು ಅನ್ನೋದೂ ಸೇರಿ. ಕಾಕಾ ಅದನ್ನ ಓದಿಲ್ಲ. ಮೂರನೇ ಸಲಕ್ಕೆ ನನ್ನದು ಪಾಸಾಯ್ತು.

ಅಷ್ಟಕ್ಕೆಲ್ಲ ಒಂದು ಗೇಣು ತಂತಿ ಹೆಚ್ಚು.

ಅಂದು ಗೇರ್ ಹಾರಿದ್ದು ಇದರಿಂದಲೇ ಅಂತ ಆಣೆ ಮಾಡಿ ಹೇಳೋಕಾಗಲ್ಲ. ನಮ್ಮ ಕೆಲಸದಲ್ಲಾದರೆ ಯಾರು ಯಾವತ್ತು ಏನು ಬದಲಿಸಿದರು ಅಂತ ಲಾಗ್ ತೆಗೆದು ನೋಡಬಹುದಿತ್ತು. ಆದರೆ ಅದಕ್ಕೂ ಹಿಂದಿನ ವರ್ಷ ಆ ಪೆಟ್ಟಿಗೆ ಬಿಚ್ಚಿ ಸೀಲ್ ಹಾಕಿದ್ದು ನನಗೆ ನೆನಪಿದೆ. ಮತ್ತೆ ನಮ್ಮ ಜೀಪು ಬೇರೆ ಗ್ಯಾರೇಜು ಕಂಡಿದ್ದೇ ಇಲ್ಲ.

ನಾನು ಕೇಳಲಿಲ್ಲ. ಕಾಕಾ ಆ ಹಳೇ ಸ್ಕ್ರೂವನ್ನ ಸೀಮೆಎಣ್ಣೆಯಲ್ಲಿ ಬಹಳ ಹೊತ್ತು ತೊಳೆದ, ಅಂಗಿ ಕಿಸೆಗೆ ಹಾಕಿಕೊಂಡ. ಆಮೇಲೆ, ಪಾನಾ ಒರೆಸ್ತಾ, “ಅಣ್ಣಗ ನಾನ ಹೇಳತೀನಿ. ನೀ ಹೇಳಬ್ಯಾಡ” ಅಂದ.

ಟ್ರಯಲ್‌ಗೆ ಕಿತ್ತೂರಿಗೆ ಹೋಗಿಬಂದ್ವಿ. ಕೋಟೆ ಮುಂದೆ ಚಹಾ ಕುಡಿದು, ವಾಪಸ್ ಬರ್ತಾ ಒಂದು ಇಳಿಜಾರಲ್ಲಿ ಲೋ ಹಾಕಿ ಎರಡೂ ಕೈ ಲಿವರ್ ಬಿಟ್ಟು ಕೂತ. ಹಾರಲಿಲ್ಲ.

ನಿನ್ನೆ ಅಪ್ಪ ಫೋನ್ ಮಾಡಿದ್ದ. ಈ ಸಲ ಭಾರತ ಹುಣ್ಣಿಮೆಗೆ ಜೀಪಿನಲ್ಲೇ ಗುಡ್ಡಕ್ಕೆ ಹೋಗೋಣ ಅಂತ ಕಾಕಾ ಹಟ ಹಿಡಿದಿದಾನಂತೆ, ಅವ್ವ ಇನ್ನೂ ಹೂಂ ಅಂದಿಲ್ಲ. ಸ್ಕ್ರೂ ವಿಷಯ ಅಪ್ಪ ಎತ್ತಲಿಲ್ಲ, ಹಿಂದಿನ ಸೀಲಿನಿಂದ ಎಣ್ಣೆ ಸೋರ್ತಿದೆ ಅಂದ ಅಷ್ಟೇ.